ಒತ್ತಡದ ದಿನಗಳಲ್ಲಿ ಒಸಡುಗಳನ್ನು ಕಾಪಾಡಿಕೊಳ್ಳುವ ಬಗೆ

ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಾಣಿಸಿದರೆ ನಾವು ಮೊದಲು ದೂರುವುದು ಬ್ರಷ್ಷನ್ನು, ಆಮೇಲೆ ಪೇಸ್ಟನ್ನು. ಆ ತಿಂಗಳು ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿಕೊಳ್ಳುವವರು ಕಡಿಮೆ. ಪಿಯುಸಿ ಪರೀಕ್ಷೆ ಮುಗಿಯುವಷ್ಟರಲ್ಲಿ ಸಿಇಟಿ, ಅದರ ಬೆನ್ನಿಗೆ ನೀಟ್ ಎಂದು ಓದುತ್ತಿರುವ ಮಗ, ಹಾಸಿಗೆ ಹಿಡಿದ ಅತ್ತೆಯನ್ನು ವರ್ಷದಿಂದ ನೋಡಿಕೊಳ್ಳುತ್ತಿರುವ ಸೊಸೆ, ಸಾಲದ ಕಂತು ಕಟ್ಟಲು ಎರಡು ಕಡೆ ದುಡಿಯುತ್ತಿರುವ ಯಜಮಾನ, ರಾತ್ರಿ ಪಾಳಿಯ ಕೆಲಸಗಾರ, ಇವರೆಲ್ಲರ ಒಸಡುಗಳೂ ಅವರ ದಿನಚರಿಯ ಏರುಪೇರನ್ನು ತಡವಿಲ್ಲದೆ ತೋರಿಸುತ್ತವೆ. ಅಂಥ ತಿಂಗಳುಗಳಲ್ಲಿ ಒಸಡನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವುದು ಹೇಗೆ, ಯಾವ ಅಭ್ಯಾಸವನ್ನು ಏನೇ ಆದರೂ ಬಿಡಬಾರದು, ವೈದ್ಯರ ಬಳಿಗೆ ಯಾವಾಗ ಹೋಗಬೇಕು ಮತ್ತು ಅಲ್ಲಿ ಏನು ಹೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಬೇಕು. ಒಸಡಿನ ಕಾಯಿಲೆಯ ಮೂಲ ಹಲ್ಲಿನ ಬುಡದಲ್ಲಿ ಕೂರುವ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾಗಳು ಗುಂಪುಗಟ್ಟಿ ಮಾಡಿಕೊಂಡಿರುವ ಅಂಟಾದ ತೆಳುಪದರ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಹಳ ಸರಳವಾಗಿ ತೋರಿಸಿತು. ಆರೋಗ್ಯವಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಈ ಹಂತದ ಉರಿಯೂತಕ್ಕೆ ಜಿಂಜಿವೈಟಿಸ್ ಎಂದು ಹೆಸರು, ಅದು ಪೂರ್ತಿಯಾಗಿ ವಾಸಿಯಾಗುವಂಥದು. ಅದನ್ನು ಹಾಗೆಯೇ ಬಿಟ್ಟರೆ ಕೆಲವರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗತೊಡಗುತ್ತದೆ. ಹಿಂದಿನವರು ಪಯೋರಿಯಾ ಎನ್ನುತ್ತಿದ್ದ, ಈಗ ವೈದ್ಯರು ಪೆರಿಯೊಡಾಂಟೈಟಿಸ್ ಎನ್ನುವ ಈ ಎರಡನೆಯ ಹಂತವನ್ನು ತಡೆದು ನಿಲ್ಲಿಸಬಹುದೇ ಹೊರತು, ಕರಗಿದ ಮೂಳೆಯನ್ನು ಮೊದಲಿದ್ದಂತೆ ಪೂರ್ತಿ ಮರಳಿ ಪಡೆಯುವುದು ಸಾಮಾನ್ಯವಾಗಿ ಆಗುವುದಿಲ್ಲ. ಒತ್ತಡ ತಾನಾಗಿ ಪ್ಲಾಕನ್ನು ಸೃಷ್ಟಿಸುವುದಿಲ್ಲ. ಆದರೆ ಪ್ಲಾಕ್ ಕೂರಲು ಬೇಕಾದ ಅವಕಾಶವನ್ನು ಅದು ಒದಗಿಸುತ್ತದೆ, ಕೂತ ಪ್ಲಾಕನ್ನು ಎದುರಿಸುವ ದೇಹದ ಹತೋಟಿಯನ್ನೂ ಸಡಿಲಗೊಳಿಸುತ್ತದೆ.

ಒತ್ತಡ ಒಸಡನ್ನು ಮುಟ್ಟುವ ದಾರಿಗಳು

ಮೊದಲನೆಯ ದಾರಿ ತೀರ ಸಾಮಾನ್ಯವಾದದ್ದು, ಹಾಗಾಗಿಯೇ ಅಲಕ್ಷ್ಯಕ್ಕೆ ಒಳಗಾಗುವಂಥದು. ಮನಸ್ಸಿಗೆ ಬಿಡುವಿಲ್ಲದಾಗ ಮೊದಲು ಕೈಬಿಡುವುದು ರಾತ್ರಿಯ ಹಲ್ಲುಜ್ಜುವಿಕೆ. ಬೆಳಗಿನದು ಉಳಿದುಕೊಳ್ಳುತ್ತದೆ, ಏಕೆಂದರೆ ಮುಖ ತೊಳೆಯದೆ ಕಾಫಿ ಕುಡಿಯುವ ಅಭ್ಯಾಸ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ರಾತ್ರಿ ಮಾತ್ರ ಪುಸ್ತಕದ ಮೇಲೋ ಫೋನಿನ ಮೇಲೋ ತಲೆಯಿಟ್ಟು ನಿದ್ದೆ ಬಂದುಬಿಡುತ್ತದೆ. ಇದರ ಜೊತೆಗೆ ಗಂಟೆಗೊಮ್ಮೆ ಸಕ್ಕರೆ ಹಾಕಿದ ಚಹಾ, ಊಟದ ಬದಲು ಬಿಸ್ಕತ್ತು, ಹೆಚ್ಚಾಗುವ ಸಿಗರೇಟು ಅಥವಾ ಗುಟ್ಕಾ, ತಪ್ಪಿಹೋಗುವ ದಂತವೈದ್ಯರ ಭೇಟಿ ಸೇರಿಕೊಳ್ಳುತ್ತವೆ.

ಎರಡನೆಯದು ದೇಹದ ಒಳಗಿನ ದಾರಿ. ಒತ್ತಡವಾದಾಗ ಮಿದುಳಿನ ಸೂಚನೆಯ ಮೇರೆಗೆ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತವೆ. ಕಾರ್ಟಿಸಾಲ್ ಸ್ವಭಾವತಃ ಉರಿಯೂತವನ್ನು ತಗ್ಗಿಸುವಂಥದು; ಹಾಗಿದ್ದರೆ ಒತ್ತಡದಲ್ಲಿ ಒಸಡು ಊದುವುದೇಕೆ ಎಂಬ ಪ್ರಶ್ನೆ ಸಹಜ. ಕೆಲವು ಗಂಟೆಗಳ ಒತ್ತಡಕ್ಕೂ ತಿಂಗಳುಗಟ್ಟಲೆ ಎಳೆಯುವ ಒತ್ತಡಕ್ಕೂ ಇರುವ ವ್ಯತ್ಯಾಸದಲ್ಲಿ ಇದಕ್ಕೆ ಉತ್ತರವಿದೆ. ಒತ್ತಡ ದೀರ್ಘಕಾಲ ಮುಂದುವರಿದಾಗ ರೋಗನಿರೋಧಕ ಕಣಗಳು ಕಾರ್ಟಿಸಾಲಿನ ಸೂಚನೆಗೆ ಮೊದಲಿನಂತೆ ಸ್ಪಂದಿಸುವುದಿಲ್ಲ; ಬ್ಯಾಕ್ಟೀರಿಯಾವನ್ನು ಹೊಡೆದೋಡಿಸುವ ಸಾಮರ್ಥ್ಯ ಕುಗ್ಗುತ್ತದೆ, ಆದರೆ ನಮ್ಮದೇ ಅಂಗಾಂಶವನ್ನು ಹಾಳುಮಾಡುವ ಉರಿಯೂತ ಹತೋಟಿ ತಪ್ಪಿ ಉಳಿದುಕೊಳ್ಳುತ್ತದೆ.

ಗಾಯ ಮಾಯುವ ವೇಗವೂ ತಗ್ಗುತ್ತದೆ. ಇದಕ್ಕೆ ಬಾಯಿಯೊಳಗಿನದೇ ಒಂದು ಸಾಕ್ಷ್ಯವಿದೆ. ಅಮೆರಿಕದ ಓಹಾಯೊದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 11 ಮಂದಿ ದಂತವೈದ್ಯಕೀಯ ವಿದ್ಯಾರ್ಥಿಗಳ ಅಂಗುಳಿನಲ್ಲಿ 3.5 ಮಿ.ಮೀ. ಅಗಲದ ಪುಟ್ಟ ಗಾಯವನ್ನು ಬೇಸಿಗೆ ರಜೆಯಲ್ಲಿ ಒಮ್ಮೆ, ಪರೀಕ್ಷೆಗೆ ಮೂರು ದಿನ ಇರುವಾಗ ಮತ್ತೊಮ್ಮೆ ಮಾಡಿ ನೋಡಲಾಯಿತು. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು, ಅಂದರೆ ಶೇ. 40ರಷ್ಟು ನಿಧಾನ. ಅದೇ ತಂಡದವರು 1995ರಲ್ಲಿ ಮರೆವಿನ ಕಾಯಿಲೆಯ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನ ಗಾಯಗಳನ್ನು ಗಮನಿಸಿದ್ದಾಗ, ಅವು ಮಾಯಲು ಇತರರಿಗಿಂತ ಸುಮಾರು ಒಂಬತ್ತು ದಿನ ಹೆಚ್ಚು ಬೇಕಾಗಿತ್ತು. ವಿದ್ಯಾರ್ಥಿಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರೋಗಿಯನ್ನು ನೋಡಿಕೊಳ್ಳುವವರ ಬಾಯಿಯನ್ನು ಯಾರೂ ನೋಡುವುದಿಲ್ಲ ಎಂಬುದು ನನಗೆ ಹೆಚ್ಚು ಚಿಂತೆಯ ಸಂಗತಿಯಾಗಿ ಕಾಣುತ್ತದೆ.

ಮೂರನೆಯದಾಗಿ ಜೊಲ್ಲಿನ ವಿಷಯ. ಆತಂಕದಲ್ಲಿ ಬಾಯಿ ಒಣಗುವುದು ಎಲ್ಲರ ಅನುಭವ. ಜೊಲ್ಲು ಕಡಿಮೆಯಾಗಿ ಮಂದವಾದಾಗ ಬ್ಯಾಕ್ಟೀರಿಯಾಗಳನ್ನು ತೊಳೆದು ಸಾಗಿಸುವ ಕೆಲಸ ನಿಲ್ಲುತ್ತದೆ. ನಿದ್ದೆಯಲ್ಲಂತೂ ಜೊಲ್ಲಿನ ಹರಿವು ಹೇಗೂ ತೀರ ಕಡಿಮೆ. ಮಲಗುವ ಮುನ್ನ ಉಜ್ಜುವುದಕ್ಕೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

ಈ ಮೂರೂ ಒಟ್ಟಾದಾಗ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮೊದಲನೆಯ ಮಹಾಯುದ್ಧದ ಕಂದಕಗಳೇ ಉದಾಹರಣೆ. ವಾರಗಟ್ಟಲೆ ಕೆಸರಿನಲ್ಲಿ ಕುಳಿತು, ನಿದ್ದೆಗೆಟ್ಟು, ಸರಿಯಾದ ಆಹಾರವಿಲ್ಲದೆ, ಸಿಗರೇಟು ಸೇದುತ್ತಾ ಜೀವಭಯದಲ್ಲಿದ್ದ ಸೈನಿಕರಲ್ಲಿ ಒಸಡು ಕೊಳೆತು ಹುಣ್ಣಾಗುವ ಕಾಯಿಲೆ ಎಷ್ಟು ಕಾಣಿಸಿಕೊಂಡಿತೆಂದರೆ, ಕಂದಕದ ಹೆಸರೇ ಅದಕ್ಕೆ ಅಂಟಿಕೊಂಡಿತು. ಆ ಕಾಯಿಲೆ ಈಗಲೂ ಅಪರೂಪವಾಗಿ ಬರುತ್ತದೆ. ಅದರ ಲಕ್ಷಣಗಳನ್ನು ಮುಂದೆ ಹೇಳಿದ್ದೇನೆ.

ಕನ್ನಡಿಯ ಮುಂದೆ ಏನು ನೋಡಬೇಕು

ವಾರಕ್ಕೊಮ್ಮೆ, ಹಗಲು ಬೆಳಕಿನಲ್ಲಿ ಅಥವಾ ಫೋನಿನ ಟಾರ್ಚ್ ಹಿಡಿದು, ತುಟಿಯನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸಿ ಒಸಡನ್ನು ನೋಡಿಕೊಳ್ಳಿ. ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಜಾಹೀರಾತುಗಳಲ್ಲಿ ಕಾಣುವ ಗುಲಾಬಿ ಒಸಡೇ ಆರೋಗ್ಯದ ಗುರುತು ಎಂದುಕೊಂಡು, ತಮ್ಮ ಕಂದು ಅಥವಾ ಕಪ್ಪು ಛಾಯೆಯ ಒಸಡನ್ನು ರೋಗವೆಂದು ಹೆದರುವವರಿದ್ದಾರೆ. ನಮ್ಮ ನಾಡಿನ ಬಹಳ ಜನರ ಒಸಡಿನಲ್ಲಿ ಹುಟ್ಟಿನಿಂದಲೇ ಮೆಲನಿನ್ ವರ್ಣದ್ರವ್ಯ ಇರುತ್ತದೆ, ಅದು ಪೂರ್ತಿ ಸಹಜ. ಆದ್ದರಿಂದ ಬಣ್ಣ ಏನಿದೆ ಎಂಬುದಕ್ಕಿಂತ ಬಣ್ಣ ಬದಲಾಗಿದೆಯೇ ಎಂಬುದನ್ನು ಗಮನಿಸಬೇಕು. ಹಲ್ಲಿಗೆ ತಾಗಿದ ಅಂಚು ಕೆಂಪಾಗಿ ಹೊಳೆಯುತ್ತಿದೆಯೇ, ಎರಡು ಹಲ್ಲುಗಳ ನಡುವಿನ ತ್ರಿಕೋನಾಕಾರದ ಒಸಡು ಉಬ್ಬಿ ದುಂಡಗಾಗಿದೆಯೇ, ಅಥವಾ ಚಪ್ಪಟೆಯಾಗಿ ಕರಗಿದಂತಿದೆಯೇ, ಹಲ್ಲು ಮೊದಲಿಗಿಂತ ಉದ್ದವಾಗಿ ಕಾಣುತ್ತಿದೆಯೇ ಎಂದು ನೋಡಿಕೊಳ್ಳಿ. ಕೆಳಗಿನ ಮುಂಬಾಚಿ ಹಲ್ಲುಗಳ ಒಳಬದಿ ಮತ್ತು ಮೇಲಿನ ದವಡೆ ಹಲ್ಲುಗಳ ಹೊರಬದಿ ಎರಡು ಮುಖ್ಯ ಜಾಗಗಳು. ಜೊಲ್ಲುಗ್ರಂಥಿಗಳ ನಾಳಗಳು ಅಲ್ಲಿಯೇ ತೆರೆದುಕೊಳ್ಳುವುದರಿಂದ ಗಾರೆ, ಅಂದರೆ ಕಲ್ಲಿನಂತೆ ಗಟ್ಟಿಯಾದ ಪ್ಲಾಕ್, ಹೆಚ್ಚಾಗಿ ಕಟ್ಟುವುದು ಅಲ್ಲಿಯೇ.

ನೋಡುವುದರ ಜೊತೆಗೆ ಬರೆದಿಡುವ ಅಭ್ಯಾಸ ಒಳ್ಳೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ರಕ್ತ ಕಂಡ ದಿನಕ್ಕೆ ಒಂದು ಗುರುತು, ಯಾವ ಕಡೆಯ ಹಲ್ಲು ಎಂಬ ಸೂಚನೆ, ರಾತ್ರಿ ಉಜ್ಜದೆ ಮಲಗಿದ ದಿನಕ್ಕೆ ಇನ್ನೊಂದು ಗುರುತು ಹಾಕಿದರೆ ಸಾಕು. ಎರಡು ಮೂರು ವಾರಗಳಲ್ಲಿ ಈ ಗುರುತುಗಳೇ ನಿಮ್ಮ ವಿಷಯದಲ್ಲಿ ಯಾವ ದಾರಿ ಕೆಲಸ ಮಾಡುತ್ತಿದೆ ಎಂದು ತೋರಿಸುತ್ತವೆ. ಉಜ್ಜದ ದಿನಗಳ ಹಿಂದೆಯೇ ರಕ್ತ ಬರುತ್ತಿದ್ದರೆ ಅಭ್ಯಾಸವನ್ನು ಸರಿಪಡಿಸಬೇಕು. ಉಜ್ಜುತ್ತಿದ್ದರೂ ಒಂದೇ ಜಾಗದಲ್ಲಿ ರಕ್ತ ಬರುತ್ತಿದ್ದರೆ ಅಲ್ಲಿ ಗಾರೆಯೋ, ಹಲ್ಲು ಮತ್ತು ಒಸಡಿನ ನಡುವೆ ಆಳದ ಸಂದಿಯೋ ಇರಬಹುದು, ಅದು ವೈದ್ಯರ ಕೆಲಸ.

ಧೂಮಪಾನ ಮಾಡುವವರು ಮಾತ್ರ ರಕ್ತವಿಲ್ಲದಿರುವುದನ್ನು ನಂಬಬಾರದು. ತಂಬಾಕು ಒಸಡಿನ ರಕ್ತಸ್ರಾವವನ್ನು ಮರೆಮಾಚುವುದರಿಂದ, ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ರಕ್ತ ಕಾಣದೆ ಇರಬಹುದು. ಸಿಗರೇಟು ಬಿಟ್ಟ ಕೆಲವು ವಾರಗಳಲ್ಲಿ ಒಸಡಿನಿಂದ ರಕ್ತ ಹೆಚ್ಚಾಗಿ ಕಂಡರೆ ಬಿಟ್ಟದ್ದೇ ತಪ್ಪಾಯಿತು ಎಂದುಕೊಳ್ಳಬೇಡಿ. ಮುಚ್ಚಿದ್ದು ಕಾಣತೊಡಗಿದೆ ಅಷ್ಟೆ.

ರಾತ್ರಿಯ ಹಲ್ಲುಜ್ಜುವಿಕೆಯನ್ನು ಉಳಿಸಿಕೊಳ್ಳುವುದು

ಒತ್ತಡದ ತಿಂಗಳಿನಲ್ಲಿ ಹತ್ತು ಹೊಸ ನಿಯಮಗಳನ್ನು ಹಾಕಿಕೊಂಡರೆ ಹತ್ತೂ ಉಳಿಯುವುದಿಲ್ಲ. ಒಂದನ್ನೇ ಉಳಿಸಿಕೊಳ್ಳಬಹುದು ಎಂದಾದರೆ ರಾತ್ರಿಯ ಹಲ್ಲುಜ್ಜುವಿಕೆಯನ್ನು ಉಳಿಸಿಕೊಳ್ಳಿ. ಇದಕ್ಕೆ ಮನೋಬಲವನ್ನು ನೆಚ್ಚಿಕೊಳ್ಳಬಾರದು, ಏಕೆಂದರೆ ಒತ್ತಡದಲ್ಲಿ ಮೊದಲು ಖಾಲಿಯಾಗುವುದು ಅದೇ. ಉಜ್ಜುವ ಹೊತ್ತನ್ನು ಹಿಂದಕ್ಕೆ ತಂದುಕೊಳ್ಳುವುದು ಎಲ್ಲಕ್ಕಿಂತ ಸುಲಭವಾದ ಉಪಾಯ. ಮಲಗುವಾಗ ಉಜ್ಜುತ್ತೇನೆ ಎನ್ನುವವರು ಉಜ್ಜದೆ ಮಲಗುತ್ತಾರೆ. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಉಜ್ಜಿ ಮುಗಿಸುವವರು ತಪ್ಪಿಸುವುದು ಕಡಿಮೆ. ಆಮೇಲೆ ನೀರು ಮಾತ್ರ. ಓದುವ ಹುಡುಗರಿಗೆ ನಡುರಾತ್ರಿಯ ಚಹಾ ಬಿಡಲಾಗದಿದ್ದರೆ ಸಕ್ಕರೆ ಹಾಕದೆ ಕುಡಿದು, ಬಾಯಿ ಮುಕ್ಕಳಿಸಿ ಮಲಗಬಹುದು. ರಾತ್ರಿ ಪಾಳಿಯವರಿಗೆ ರಾತ್ರಿ ಎಂದರೆ ಅವರ ದೀರ್ಘ ನಿದ್ದೆಗೆ ಮುಂಚಿನ ಹೊತ್ತು, ಅದು ಬೆಳಗಿನ ಎಂಟು ಗಂಟೆಯಾದರೂ ಸರಿಯೇ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಜೊತೆಗಿರುವವರು ಚೀಲದಲ್ಲಿ ಎರಡನೆಯ ಬ್ರಷ್ಷನ್ನು ಇಟ್ಟುಕೊಂಡು, ರೋಗಿಯ ಬಾಯಿ ಸ್ವಚ್ಛಗೊಳಿಸುವ ಹೊತ್ತಿಗೇ ತಮ್ಮದನ್ನೂ ಮಾಡಿಕೊಳ್ಳಬಹುದು. ನಿಂತು ಉಜ್ಜಲು ಸುಸ್ತಾದರೆ ಕುಳಿತು ಉಜ್ಜಿದರೆ ತಪ್ಪೇನಿಲ್ಲ.

ಉಜ್ಜುವ ಬಗೆ ಹೀಗಿರಲಿ. ಮೆತ್ತನೆಯ ಬ್ರಷ್ಷಿಗೆ ಬಟಾಣಿ ಗಾತ್ರದಷ್ಟು ಫ್ಲೋರೈಡ್ ಇರುವ ಪೇಸ್ಟು ಹಾಕಿ, ಕೂದಲುಗಳು ಹಲ್ಲು ಮತ್ತು ಒಸಡು ಸೇರುವ ಗೆರೆಗೆ ಸುಮಾರು 45 ಡಿಗ್ರಿ ಓರೆಯಾಗಿ ತಾಗುವಂತೆ ಹಿಡಿಯಬೇಕು. ಅಲ್ಲಿಯೇ ಸಣ್ಣದಾಗಿ ನಡುಗಿಸಿದಂತೆ ಹಿಂದೆ ಮುಂದೆ ಆಡಿಸಿ, ನಂತರ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಉರುಳಿಸಿ, ಎರಡು ಮೂರು ಹಲ್ಲುಗಳ ಗುಂಪಾಗಿ ಮುಂದುವರಿಯಬೇಕು. ಹೊರಬದಿ, ಒಳಬದಿ, ಅಗಿಯುವ ಮೇಲ್ಭಾಗ ಮೂರೂ ಸೇರಿ ಕನಿಷ್ಠ ಎರಡು ನಿಮಿಷ ಬೇಕು. ಬ್ರಷ್ಷನ್ನು ಪೆನ್ಸಿಲಿನಂತೆ ಬೆರಳುಗಳಲ್ಲಿ ಹಿಡಿದರೆ ಒತ್ತುವಿಕೆ ತಾನಾಗಿ ಹದಕ್ಕೆ ಬರುತ್ತದೆ. ಒತ್ತಡದಲ್ಲಿರುವವರು ಮಾಡುವ ವಿಶೇಷ ತಪ್ಪೆಂದರೆ ಅವಸರದಲ್ಲಿ, ಸಿಟ್ಟಿನಲ್ಲಿ, ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ತಿಕ್ಕುವುದು. ಹೀಗೆ ಮಾಡಿದರೆ ಒಸಡು ಹಿಂದೆ ಸರಿದು ಹಲ್ಲಿನ ಬೇರು ಬಯಲಾಗುತ್ತದೆ, ಆದರೆ ಒಸಡಿನ ಗೆರೆಯ ಪ್ಲಾಕ್ ಮಾತ್ರ ಅಲ್ಲಿಯೇ ಉಳಿಯುತ್ತದೆ. ಇದ್ದಿಲ ಪುಡಿ, ಇಟ್ಟಿಗೆ ಪುಡಿ, ಹರಳುಪ್ಪಿನಿಂದ ತಿಕ್ಕುವುದೂ ಇದೇ ಹಾನಿಯನ್ನು ಮಾಡುತ್ತದೆ. ತಂಬಾಕು ಬೆರೆತ ಹಲ್ಲುಪುಡಿಗಳನ್ನು ಮುಟ್ಟಲೇಬಾರದು.

ರಕ್ತ ಬರುವ ಜಾಗವನ್ನು ನೋವಾದೀತೆಂದು ಬಿಟ್ಟು ಉಜ್ಜುವುದು ಸಹಜ ಪ್ರವೃತ್ತಿ. ಅದಕ್ಕೆ ಮಣಿಯಬಾರದು. ಪ್ಲಾಕ್ ಇರುವುದು ಅಲ್ಲಿಯೇ, ಆದ್ದರಿಂದ ಮೃದುವಾಗಿ, ಆದರೆ ತಪ್ಪದೆ ಅಲ್ಲಿ ಉಜ್ಜಬೇಕು. ಬರೀ ಜಿಂಜಿವೈಟಿಸ್ ಆಗಿದ್ದರೆ ಒಂದೆರಡು ವಾರಗಳಲ್ಲಿ ರಕ್ತ ನಿಲ್ಲುತ್ತದೆ.

ಹಲ್ಲುಗಳ ಸಂದಿಗೆ ಬ್ರಷ್ಷು ತಲುಪುವುದಿಲ್ಲ. ಸಂದಿ ಬಿಗಿಯಾಗಿದ್ದರೆ ಫ್ಲಾಸ್ ದಾರ, ಸಡಿಲವಾಗಿದ್ದರೆ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಇಂಟರ್‌ಡೆಂಟಲ್ ಬ್ರಷ್ಷು ಒಳ್ಳೆಯದು. ಯಾವ ಅಳತೆಯದು ಎಂಬುದನ್ನು ದಂತವೈದ್ಯರಲ್ಲಿ ಒಮ್ಮೆ ಕೇಳಿ ತಿಳಿದುಕೊಂಡರೆ ಮುಂದೆ ತೊಂದರೆಯಿಲ್ಲ. ಬೆಂಕಿಕಡ್ಡಿ, ಪಿನ್ನು, ಸೂಜಿಗಳಿಂದ ಸಂದಿ ಕೆದಕುವುದು ಗಾಯಕ್ಕೆ ದಾರಿ, ಅದೂ ಗಾಯ ನಿಧಾನವಾಗಿ ಮಾಯುವ ದಿನಗಳಲ್ಲಿ.

ಮೌತ್‌ವಾಷ್ ಬಗ್ಗೆ ಎರಡು ಮಾತು. ಕ್ಲೋರ್‌ಹೆಕ್ಸಿಡಿನ್ ಇರುವ ಔಷಧಿಯ ಮೌತ್‌ವಾಷ್ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ವೈದ್ಯರು ಹೇಳದೆ ಎರಡು ವಾರಕ್ಕಿಂತ ಹೆಚ್ಚು ಬಳಸಬಾರದು. ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ನಾಲಿಗೆಯ ರುಚಿ ಕೆಲಕಾಲ ಕೆಡುತ್ತದೆ. ಪೇಸ್ಟಿನಿಂದ ಉಜ್ಜಿದ ಕೂಡಲೇ ಬಳಸಿದರೆ ಅದರ ಶಕ್ತಿ ಕುಂದುವುದರಿಂದ ನಡುವೆ ಅರ್ಧ ಗಂಟೆ ಬಿಡಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ನೊಂದ ಒಸಡಿಗೆ ಹಿತ. ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಮುಕ್ಕಳಿಸುವವರು ಮುಕ್ಕಳಿಸಲಿ, ಆದರೆ ಯಾವ ದ್ರವವೂ ಬ್ರಷ್ಷಿಗೆ ಬದಲಿಯಾಗದು. ಲವಂಗದ ಎಣ್ಣೆ ನೋವನ್ನು ಮರೆಸುತ್ತದೆ, ಕಾಯಿಲೆಯನ್ನು ತೆಗೆಯುವುದಿಲ್ಲ.

ಬಾಯಿ ಒಣಗುವುದು, ಹಲ್ಲು ಕಡಿಯುವುದು, ತಂಬಾಕು

ಬಾಯಿ ಒಣಗುತ್ತಿದ್ದರೆ ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಆಗಾಗ ಗುಟುಕರಿಸಿ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಜೊಲ್ಲನ್ನು ಹೆಚ್ಚಿಸುತ್ತದೆ. ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ. ಹಾಗೆಂದು ಮಾತ್ರೆಯನ್ನು ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು. ರಕ್ತದೊತ್ತಡಕ್ಕೆ ನಮ್ಮಲ್ಲಿ ಬಹಳ ಜನ ತೆಗೆದುಕೊಳ್ಳುವ ಆಮ್ಲೊಡಿಪಿನ್ ಮತ್ತು ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ಒಸಡು ದಪ್ಪವಾಗಿ ಬೆಳೆಯುವಂತೆ ಮಾಡುತ್ತವೆ. ಒತ್ತಡದಿಂದ ಊದಿದೆ ಎಂದುಕೊಂಡದ್ದರ ಕಾರಣ ಮಾತ್ರೆಯ ಡಬ್ಬಿಯಲ್ಲಿರಬಹುದು ಎಂಬ ಎಚ್ಚರ ಇರಲಿ. ಇಲ್ಲಿಯೂ ಬದಲಿ ಔಷಧಿಯನ್ನು ನಿರ್ಧರಿಸಬೇಕಾದವರು ವೈದ್ಯರೇ.

ನಿದ್ದೆಯಲ್ಲಿ ಹಲ್ಲು ಕಡಿಯುವುದು, ಹಗಲಿನಲ್ಲಿ ಗೊತ್ತಿಲ್ಲದೆ ದವಡೆ ಬಿಗಿಹಿಡಿಯುವುದು ಒತ್ತಡದ ಜೊತೆಗೇ ಬರುವ ಅಭ್ಯಾಸಗಳು. ಬೆಳಗ್ಗೆ ಎದ್ದಾಗ ಕೆನ್ನೆಯ ಸ್ನಾಯು ನೋಯುತ್ತಿದ್ದರೆ, ಕಪಾಲದ ಪಕ್ಕ ತಲೆನೋವಿದ್ದರೆ ಇದನ್ನು ಅನುಮಾನಿಸಬಹುದು. ಹಲ್ಲು ಕಡಿಯುವುದರಿಂದಲೇ ಒಸಡಿನ ಕಾಯಿಲೆ ಹುಟ್ಟುವುದಿಲ್ಲ, ಆದರೆ ಮೂಳೆ ಈಗಾಗಲೇ ಕರಗಿರುವ ಹಲ್ಲಿನ ಮೇಲೆ ಬೀಳುವ ಈ ಭಾರ ಅದನ್ನು ಇನ್ನಷ್ಟು ಅಲುಗಾಡಿಸಬಹುದು. ಹಗಲಿನಲ್ಲಿ ತುಟಿ ಮುಚ್ಚಿದ್ದರೂ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸ್ವಲ್ಪ ಅಂತರವಿರುವುದೇ ದವಡೆಯ ವಿಶ್ರಾಂತಿಯ ಸ್ಥಿತಿ. ಅದನ್ನು ನೆನಪಿಸಲು ಕಂಪ್ಯೂಟರಿನ ಅಂಚಿಗೋ ಓದುವ ಮೇಜಿಗೋ ಒಂದು ಬಣ್ಣದ ಚೀಟಿ ಅಂಟಿಸಿಕೊಳ್ಳಬಹುದು. ರಾತ್ರಿಯ ಕಡಿತಕ್ಕೆ ದಂತವೈದ್ಯರು ನಿಮ್ಮ ಹಲ್ಲಿನ ಅಚ್ಚು ತೆಗೆದು, ಮಲಗುವಾಗ ಹಲ್ಲಿಗೆ ತೊಡುವ ನೈಟ್‌ಗಾರ್ಡ್ ಎಂಬ ಕವಚ ಮಾಡಿಕೊಡುತ್ತಾರೆ.

ತಂಬಾಕಿನ ವಿಷಯದಲ್ಲಿ ಸುತ್ತಿ ಬಳಸಿ ಹೇಳುವುದೇನಿಲ್ಲ. ಟೆನ್ಶನ್ ಇಳಿಯಲಿ ಎಂದು ಸೇದುವ ಸಿಗರೇಟು, ಬೀಡಿ, ಬಾಯಿಗಿಡುವ ಗುಟ್ಕಾ, ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ ಇವೆಲ್ಲ ಒಸಡಿಗೆ ನೇರವಾದ ಹಾನಿ ಮಾಡುತ್ತವೆ, ಚಿಕಿತ್ಸೆಯ ಫಲವನ್ನೂ ತಗ್ಗಿಸುತ್ತವೆ. ಅಡಿಕೆ ತನ್ನಷ್ಟಕ್ಕೇ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಬಿಡಲು ನೆರವು ಬೇಕಾದವರು 1800-112-356 ಎಂಬ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ಒತ್ತಡವನ್ನು ಕುರಿತು

ಶಾಂತವಾಗಿರಿ ಎಂಬ ಉಪದೇಶದಿಂದ ಯಾರ ಒಸಡೂ ಸರಿಹೋದದ್ದಿಲ್ಲ. ಅಮೆರಿಕದ ಬಫಲೊ ನಗರ ಇರುವ ಈರಿ ಕೌಂಟಿಯ 1,426 ಜನರನ್ನು ಪರೀಕ್ಷಿಸಿ ರಾಬರ್ಟ್ ಜೆಂಕೊ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಚ್ಚು ಉಪಯುಕ್ತವಾದ ಸುಳಿವು ಕೊಡುತ್ತದೆ. ಹಣಕಾಸಿನ ಒತ್ತಡ ಹೆಚ್ಚಿದ್ದವರಲ್ಲಿ ಒಸಡಿನ ಹಾನಿ ಮತ್ತು ಮೂಳೆಯ ನಷ್ಟ ಹೆಚ್ಚಾಗಿತ್ತು. ಆದರೆ ಅದೇ ಹಣದ ಮುಗ್ಗಟ್ಟಿನಲ್ಲಿದ್ದೂ, ಸಮಸ್ಯೆಯನ್ನೇ ಕೈಗೆತ್ತಿಕೊಂಡು ದಾರಿ ಹುಡುಕುವ ಸ್ವಭಾವದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಕೊರಗುತ್ತಾ ಕೂರುವವರಲ್ಲಿ ಅದು ಹೆಚ್ಚಾಗಿತ್ತು. ಒಂದೇ ಅಧ್ಯಯನದಿಂದ ಎಲ್ಲವನ್ನೂ ನಿರ್ಧರಿಸಲಾಗದು; ಕಾರಣ ಯಾವುದು, ಪರಿಣಾಮ ಯಾವುದು ಎಂದು ಇಂಥ ಅಧ್ಯಯನಗಳು ಖಚಿತವಾಗಿ ಬಿಡಿಸಿ ಹೇಳುವುದೂ ಇಲ್ಲ. ಆದರೂ ಅದರ ದಿಕ್ಕು ನನಗೆ ಒಪ್ಪಿಗೆಯಾಗುತ್ತದೆ. ಸಾಲವಿದ್ದರೆ ಬ್ಯಾಂಕಿಗೆ ಹೋಗಿ ಕಂತಿನ ಅವಧಿಯನ್ನು ವಿಸ್ತರಿಸಬಹುದೇ ಎಂದು ಕೇಳುವುದು, ರೋಗಿಯ ಆರೈಕೆಯಾದರೆ ವಾರಕ್ಕೆ ಒಂದು ದಿನವಾದರೂ ಅಣ್ಣತಮ್ಮಂದಿರಲ್ಲಿ ಯಾರಾದರೂ ಬಂದು ನೋಡಿಕೊಳ್ಳಲಿ ಎಂದು ಬಾಯಿಬಿಟ್ಟು ಹೇಳುವುದು, ಪರೀಕ್ಷೆಯಾದರೆ ಉಳಿದ ಪಾಠಗಳನ್ನು ದಿನಗಳಿಗೆ ಹಂಚಿ ಬರೆಯುವುದು, ಇವು ಒಸಡಿನ ಆರೈಕೆಯ ಭಾಗವೆಂದೇ ನಾನು ಎಣಿಸುತ್ತೇನೆ.

ನಿದ್ದೆ, ನಡಿಗೆ, ನಿಧಾನವಾದ ಉಸಿರಾಟ ಒಳ್ಳೆಯವೇ. ಆದರೆ ಪ್ರಾಣಾಯಾಮದಿಂದ ಹಲ್ಲಿನ ಗಾರೆ ಬಿಡುವುದಿಲ್ಲ, ಗಾರೆ ತೆಗೆಸಿದ್ದರಿಂದ ಮನೆಯ ಚಿಂತೆ ಹೋಗುವುದಿಲ್ಲ. ಎರಡನ್ನೂ ಪ್ರತ್ಯೇಕವಾಗಿ ಮಾಡಬೇಕು. ನಿದ್ದೆ, ಊಟ, ಕೆಲಸ ಯಾವುದೂ ಆಗದಷ್ಟು ಮನಸ್ಸು ಕುಸಿದಿದ್ದರೆ, ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ದಂತವೈದ್ಯರ ಬಳಿ

ಎರಡು ವಾರ ಸರಿಯಾಗಿ ಉಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ, ಬಾಯಿ ವಾಸನೆ ಹೋಗದಿದ್ದರೆ, ಹಲ್ಲು ಅಲುಗಾಡುತ್ತಿದ್ದರೆ ಅಥವಾ ಹಲ್ಲುಗಳ ನಡುವೆ ಹೊಸದಾಗಿ ಸಂದಿ ಬಿಟ್ಟಿದ್ದರೆ ತೋರಿಸಿಕೊಳ್ಳಬೇಕು. ಹೋದಾಗ ಹಲ್ಲಿನ ವಿಷಯವನ್ನಷ್ಟೇ ಹೇಳಿ ಮುಗಿಸಬೇಡಿ. ಕೆಲವು ತಿಂಗಳಿಂದ ನಿದ್ದೆ ಹೇಗಿದೆ, ಯಾವ ಒತ್ತಡವಿದೆ, ಯಾವ ಮಾತ್ರೆಗಳು ನಡೆಯುತ್ತಿವೆ, ತಂಬಾಕು ಎಷ್ಟು, ಸಕ್ಕರೆ ಕಾಯಿಲೆ ಇದೆಯೇ, ಗರ್ಭಿಣಿಯೇ ಎಂಬುದನ್ನೆಲ್ಲ ಕೇಳದಿದ್ದರೂ ಹೇಳಿ. ಸಕ್ಕರೆ ಕಾಯಿಲೆಯಂತೂ ಒಸಡಿನ ಕಾಯಿಲೆಯನ್ನು ಹೆಚ್ಚಿಸುತ್ತದೆ, ಒಸಡಿನ ಕಾಯಿಲೆ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ಒತ್ತಡ ಎರಡನ್ನೂ ಏರಿಸುತ್ತದೆ. ಬಹುಕಾಲದಿಂದ ಪರೀಕ್ಷೆ ಮಾಡಿಸದವರಿಗೆ ಇದೇ ಸಂದರ್ಭದಲ್ಲಿ ರಕ್ತಪರೀಕ್ಷೆ ಮಾಡಿಸುವಂತೆ ವೈದ್ಯರು ಹೇಳಬಹುದು.

ಹಲ್ಲು ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ಮೂಳೆ ಕರಗಿ ಹಲ್ಲು ಮೊದಲೇ ಸಡಿಲವಾಗಿದ್ದು, ಸುತ್ತ ಕಟ್ಟಿದ್ದ ಗಾರೆಯೇ ಅದನ್ನು ಹಿಡಿದಂತೆ ತೋರುತ್ತಿರುತ್ತದೆ; ಗಾರೆ ಹೋದಾಗ ಇದ್ದ ಸ್ಥಿತಿ ಗೊತ್ತಾಗುತ್ತದೆ. ಕ್ಲೀನಿಂಗ್ ಆದ ಕೆಲವು ದಿನ ತಣ್ಣನೆಯ ನೀರು ಜುಮ್ಮೆನ್ನುವುದು ಸಾಮಾನ್ಯ, ಅದು ತಾನಾಗಿ ಇಳಿಯುತ್ತದೆ. ಗಾರೆ ಒಸಡಿನ ಕೆಳಗೂ ಇಳಿದಿದ್ದರೆ ಬೇರಿನ ಮೇಲ್ಮೈಯನ್ನು ಸ್ವಚ್ಛಗೊಳಿಸುವ ಆಳದ ಚಿಕಿತ್ಸೆ ಬೇಕಾಗುತ್ತದೆ. ಖರ್ಚಿನ ಚಿಂತೆಯಿರುವವರು ದಂತವೈದ್ಯಕೀಯ ಕಾಲೇಜುಗಳ ಒಸಡಿನ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು ಇದೆ. ರಾಜ್ಯದ ಇತರ ಹಲವು ಊರುಗಳಲ್ಲೂ ದಂತ ಕಾಲೇಜುಗಳಿವೆ.

ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಪರೀಕ್ಷೆಯ ವಾರದಲ್ಲೋ ಮನೆಯಲ್ಲಿ ಗಡಿಬಿಡಿಯಿರುವಾಗಲೋ ಇಟ್ಟುಕೊಳ್ಳದೆ, ಸಾಧ್ಯವಾದರೆ ಬಿಡುವಿನ ದಿನಗಳಿಗೆ ಗೊತ್ತುಮಾಡಿಕೊಳ್ಳುವುದು ವಾಸಿ ಎಂದು ಗಾಯ ಮಾಯುವ ಕುರಿತ ಅಧ್ಯಯನಗಳನ್ನು ನೋಡಿದಾಗ ಅನಿಸುತ್ತದೆ. ಕೀವು, ಜ್ವರ, ಊತ ಇದ್ದರೆ ಮಾತ್ರ ಯಾವ ಪರೀಕ್ಷೆಗೂ ಕಾಯಬಾರದು.

ಕಾಯಬಾರದ ಸಂದರ್ಭಗಳು ಇನ್ನೂ ಕೆಲವಿವೆ. ಒಸಡಿನಲ್ಲಿ ಹಠಾತ್ತನೆ ತೀವ್ರ ನೋವು, ಮುಟ್ಟಿದರೆ ರಕ್ತ, ಹಲ್ಲುಗಳ ನಡುವಿನ ಒಸಡಿನ ತುದಿ ಕತ್ತರಿಸಿ ತೆಗೆದಂತೆ ಗುಳಿಬಿದ್ದಿರುವುದು, ಅದರ ಮೇಲೆ ಬೂದುಬಣ್ಣದ ಪೊರೆ, ಸಹಿಸಲಾಗದ ದುರ್ವಾಸನೆ ಇದ್ದರೆ ಅದು ಹಿಂದೆ ಹೇಳಿದ ಕಂದಕದ ಕಾಯಿಲೆಯಿರಬಹುದು. ಒತ್ತಡ, ನಿದ್ದೆಗೇಡು, ಧೂಮಪಾನ, ಅಪೌಷ್ಟಿಕತೆ, ಕುಗ್ಗಿದ ರೋಗನಿರೋಧಕ ಶಕ್ತಿ ಇವು ಇದಕ್ಕೆ ದಾರಿ ಮಾಡುವ ಅಂಶಗಳು. ಒಂದೆರಡು ದಿನಗಳೊಳಗೆ ವೈದ್ಯರನ್ನು ಕಾಣಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ನುಂಗಿ ಸುಮ್ಮನಾಗುವುದು ಇದಕ್ಕೆ ಮದ್ದಲ್ಲ. ಜ್ವರದ ಜೊತೆ ಒಸಡಿನಿಂದ ರಕ್ತ ಬಂದರೆ, ಅದರಲ್ಲೂ ಮಳೆಗಾಲದಲ್ಲಿ, ಡೆಂಗ್ಯೂ ಇರಬಹುದೆಂದು ಕೂಡಲೇ ಆಸ್ಪತ್ರೆಗೆ ಹೋಗಬೇಕು, ಅದು ದಂತವೈದ್ಯರ ವಿಷಯವಲ್ಲ. ಮೈಮೇಲೆ ಕಾರಣವಿಲ್ಲದೆ ನೀಲಿಗಟ್ಟುವುದು, ವಿಪರೀತ ಸುಸ್ತು, ನಿಲ್ಲದ ರಕ್ತ ಇದ್ದರೂ ಹಾಗೆಯೇ. ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಒಸಡಿನಲ್ಲಿ ರಕ್ತ ಕಂಡಿತೆಂದು ಅದನ್ನು ತಾವಾಗಿ ನಿಲ್ಲಿಸಬಾರದು. ಎರಡು ವಾರ ಕಳೆದರೂ ಮಾಯದ ಯಾವುದೇ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆಯನ್ನು ತೋರಿಸಿಕೊಳ್ಳಲೇಬೇಕು. ಒತ್ತಡವಾದಾಗಲೆಲ್ಲ ಒಸಡಿನ ಮೇಲೆ ಬಿಳಿ ಜಾಲದಂಥ ಗೆರೆಗಳು ಮೂಡಿ ಖಾರ ತಾಗಿದರೆ ಉರಿಯುವುದು ಲೈಕೆನ್ ಪ್ಲೇನಸ್ ಎಂಬ ಬೇರೆಯೇ ಕಾಯಿಲೆಯಿರಬಹುದು, ಅದು ಉಜ್ಜುವುದರಿಂದ ಹೋಗುವಂಥದಲ್ಲ.

ಚಿಕಿತ್ಸೆ ಪಡೆಯುವವರು ಮೊದಲ ಭೇಟಿಯಲ್ಲೇ ಒಂದು ವಿಷಯವನ್ನು ಕೇಳಿ ಬರೆಸಿಕೊಳ್ಳಬೇಕು. ಹಲ್ಲು ಮತ್ತು ಒಸಡಿನ ನಡುವಿನ ಸಂದಿಯ ಆಳವನ್ನು ವೈದ್ಯರು ಗುರುತುಗಳಿರುವ ತೆಳು ಕಡ್ಡಿಯಿಂದ ಅಳೆಯುತ್ತಾರೆ. 3 ಮಿ.ಮೀ. ತನಕ ಸಾಮಾನ್ಯ, 4 ಮಿ.ಮೀ. ಮತ್ತು ಮೇಲ್ಪಟ್ಟು ಇದ್ದರೆ ಗಮನ ಬೇಕು. ಪೆರಿಯೊಡಾಂಟೈಟಿಸ್ ಇದ್ದವರನ್ನು ಸಾಮಾನ್ಯವಾಗಿ ಸುಮಾರು ಮೂರು ತಿಂಗಳಿಗೊಮ್ಮೆ ಮತ್ತೆ ಬರಹೇಳುತ್ತಾರೆ, ಅಷ್ಟರಲ್ಲಿ ಆಳದ ಸಂದಿಗಳಲ್ಲಿ ಬ್ಯಾಕ್ಟೀರಿಯಾಗಳು ಮತ್ತೆ ನೆಲೆಯೂರುವುದರಿಂದ. ಮರುಭೇಟಿಯ ದಿನ ಹಳೆಯ ಅಳತೆಯ ಚೀಟಿಯನ್ನೂ ರಕ್ತದ ಗುರುತುಗಳಿರುವ ಕ್ಯಾಲೆಂಡರಿನ ಹಾಳೆಗಳನ್ನೂ ಜೊತೆಗೆ ಒಯ್ದು, ಯಾವ ಹಲ್ಲಿನ ಆಳ ಇಳಿದಿದೆ, ಯಾವುದು ಹಾಗೆಯೇ ಉಳಿದಿದೆ ಎಂದು ಒಂದೊಂದನ್ನೇ ಕೇಳಿ ತಿಳಿದುಕೊಳ್ಳಿ. ಉಳಿದ ಜಾಗಗಳಿಗೆ ಮನೆಯಲ್ಲಿ ಯಾವ ಬ್ರಷ್ಷು ಬಳಸಬೇಕೆಂಬುದನ್ನು ಅಲ್ಲಿಯೇ ಕನ್ನಡಿ ಹಿಡಿದು ತೋರಿಸಿಕೊಡುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ.